ಬಿಸಿಲಿಗೆ ಬರಬೇಡಿ ಎಂದು ಸಾರಲು ಬಿಸಿಲಲ್ಲೇ ಬರುವ ಆಟೊ

ಬೇಸಿಗೆಯಲ್ಲಿ ನಮ್ಮ ಜೀವ ಕಾಯುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನೀವು ದಿನಾಲೂ ಮಧ್ಯಾಹ್ನ ನಮ್ಮ ಓಣಿಗೆ ಒಂದು ಆಟೊ ಕಳಿಸುತ್ತೀರಿ. ಅದರ ನೆತ್ತಿಯ ಮೇಲೆ ಧ್ವನಿವರ್ಧಕದ ಎರಡು ಭೋಂಗಾ ಕಟ್ಟಿಸಿದ್ದೀರಿ. "ಸಾರ್ವಜನಿಕರಲ್ಲಿ ವಿನಂತಿ. ಬಿಸಿಲಿನ ತಾಪ ಹೆಚ್ಚಾಗಿದೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಯಾರೂ ಹೊರಗೆ ಬರಬಾರದು, ಮನೆಯಲ್ಲೇ ವಿಶ್ರಾಂತಿ ಪಡೆಯಬೇಕು" ಎಂದು ಅದು ಸಾರುತ್ತದೆ. ಸಾರುವುದು ಯಾವಾಗ? ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ. ಹಾಗಾಗಿ ವಿಶ್ರಾಂತಿಯಲ್ಲಿದ್ದವರು ಎದ್ದು ಕೂರುತ್ತಾರೆ, ಮನೆಯೊಳಗಿದ್ದವರು ಹೊರಗೆ ಬರುತ್ತಾರೆ, ಮತ್ತು ಯಾರೂ ಬಿಸಿಲಿಗೆ ಬರಬಾರದು ಎಂದು ತಿಳಿಸುವ ಸಲುವಾಗಿ ಒಬ್ಬ ಮನುಷ್ಯ ಅಷ್ಟೂ ಹೊತ್ತು ಬಿಸಿಲಲ್ಲೇ ಸುತ್ತುತ್ತಾನೆ. ಸುತ್ತುತ್ತಿದ್ದ ಎನ್ನಬೇಕು. ಅವನ ಹೆಸರು ಸೋಮಾ. ಹೋದ ವಾರ ಅವನು ನಮ್ಮ ಮನೆಯ ಮುಂದೆಯೇ ಬಿಸಿಲು ಹತ್ತಿ ಬಿದ್ದ. ಬಿದ್ದ ತಪ್ಪಿಗೆ ಅವನನ್ನು ಕೆಲಸದಿಂದ ತೆಗೆದಿರಿ. ಅವನ ಕೆಲಸವನ್ನು ಅವನಿಗೆ ತಿರುಗಿ ಕೊಡಿಸುವುದಕ್ಕಾಗಿಯೇ ನಾನು ಈ ಪತ್ರ ಬರೆಯಲು ಕುಳಿತಿದ್ದೇನೆ. ಉಳಿದ ಮಾತೆಲ್ಲ ನನ್ನ ಹೊಟ್ಟೆಯೊಳಗಿನ ಉರಿ, ಅದನ್ನೂ ಸ್ವಲ್ಪ ಕೇಳಿಸಿಕೊಳ್ಳಿ.

ನಿಮ್ಮ ಹೆಸರು ಬರೆದಿಲ್ಲ, ಕಚೇರಿಯ ಹೆಸರು ಬರೆದಿಲ್ಲ, ಊರಿನ ಹೆಸರನ್ನೂ ಬರೆದಿಲ್ಲ. ಹೆದರಿಕೆಯಿಂದಲ್ಲ, ಮರ್ಯಾದೆಯಿಂದ. ಇದನ್ನು ಓದಿದ ಹಳಿಯಾಳದವರು ದಾಂಡೇಲಿಯ ಸಾಹೇಬರಿಗೆ ಬರೆದದ್ದಿರಬೇಕು ಎಂದುಕೊಳ್ಳಲಿ, ದಾಂಡೇಲಿಯವರು ಜೋಯಿಡಾದ ಕಡೆ ಬೆರಳು ತೋರಿಸಲಿ, ಜೋಯಿಡಾದವರು ಮುಂಡಗೋಡದವರನ್ನು ನೋಡಿ ನಗಲಿ. ನೀವೊಬ್ಬರು ಇದು ನಿಮಗೇ ಎಂದು ತಿಳಿದುಕೊಂಡರೆ ಸಾಕು.

ಇನ್ನು ನನ್ನ ಪರಿಚಯ. ನಾನು ಬಸ್ಸಿನ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಮುಂಡಗೋಡದಿಂದ ಹುಬ್ಬಳ್ಳಿಯವರೆಗಿನ ರಸ್ತೆಯ ಪ್ರತಿಯೊಂದು ತಗ್ಗೂ ನನ್ನ ಸೊಂಟಕ್ಕೆ ಗೊತ್ತು. ಕೆಲಸದಲ್ಲಿದ್ದಷ್ಟು ಕಾಲ ನಾನು ಮಧ್ಯಾಹ್ನ ಮಲಗಿದವನೇ ಅಲ್ಲ. ಸಂತೆಯ ದಿನ ಕೋಳಿಬುಟ್ಟಿ, ಕಾಯಿಪಲ್ಲೆ ಚೀಲ, ಅಳುವ ಕೂಸು, ಚಿಲ್ಲರೆ ಇಲ್ಲದ ಗೌಡರು ಇವರ ನಡುವೆ ನಿಂತು ನನ್ನ ಅರ್ಧ ಆಯುಷ್ಯ ಕಳೆಯಿತು. ನಿವೃತ್ತಿಯ ದಿನ ಡಿಪೋದಲ್ಲಿ ಹಾರ ಹಾಕಿ, ಶಾಲು ಹೊದಿಸಿ, ಇನ್ನು ವಿಶ್ರಾಂತ ಜೀವನ ನಡೆಸಿರಿ ಎಂದು ಮೇಲಧಿಕಾರಿಗಳು ಹರಸಿದರು. ಸರಕಾರದವರು ಹೇಳಿದ ಮಾತನ್ನು ನಾನು ಎಂದೂ ಮೀರಿದವನಲ್ಲ. ಅಂದಿನಿಂದ ಊಟವಾದ ಕೂಡಲೇ ಪಡಸಾಲೆಯಲ್ಲಿ ಅಡ್ಡಾಗುತ್ತೇನೆ.

ಆದರೆ ಬೇಸಿಗೆಯಲ್ಲಿ ಮಧ್ಯಾಹ್ನದ ನಿದ್ದೆ ಎಂಬುದು ಸುಮ್ಮನೆ ಬರುವ ಪದಾರ್ಥವಲ್ಲ. ಅದಕ್ಕೆ ಎಷ್ಟು ಸಿದ್ಧತೆ ಬೇಕು ಎಂಬುದು ಎಸಿ ಕೋಣೆಯಲ್ಲಿ ಕೂರುವ ತಮ್ಮಂಥವರಿಗೆ ತಿಳಿದಿರಲಾರದು. ಮೊದಲು ನೆಲಕ್ಕೆ ನೀರು ಚಿಮುಕಿಸಿ ಒರೆಸಬೇಕು. ಕಿಟಕಿಗೆ ಹಸಿ ಗೋಣಿಚೀಲ ಕಟ್ಟಬೇಕು. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಕರೆಂಟು ಹೋಯಿತೆಂದು ಬೀಸಣಿಗೆ ಹುಡುಕಿ ತಂದರೆ ಕರೆಂಟು ಬರುತ್ತದೆ. ಫ್ಯಾನು ತಿರುಗಿ ತಿರುಗಿ ಮಾಳಿಗೆಯ ಕಾವನ್ನೇ ಕೆಳಗೆ ಸುರಿಯುತ್ತದೆ. ಮೂಲೆಯ ಹುಲ್ಲಿನಲ್ಲಿ ಮಾಗಲು ಇಟ್ಟ ಮಾವಿನಹಣ್ಣಿಗೆ ಬಂದ ನೊಣಗಳು ಮಾವಿನಹಣ್ಣನ್ನು ಬಿಟ್ಟು ನನ್ನ ಮೂಗನ್ನು ಆರಿಸಿಕೊಳ್ಳುತ್ತವೆ. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಗೆ ಕಾಗೆ ಬಂತೇನೋ ನೋಡಿ ಬರ್ರಿ ಎಂದು ಅಡುಗೆಮನೆಯಿಂದ ನನ್ನ ಮನೆಯವಳು ನೀಲಕ್ಕ ಕೂಗುತ್ತಾಳೆ. ನೋಡಿ ಬಂದೆ ಎಂದು ಮಲಗಿದಲ್ಲಿಂದಲೇ ಹೇಳುವ ಕಲೆಯನ್ನು ನಾನು ಕಲಿತಿದ್ದೇನೆ. ಇಷ್ಟೆಲ್ಲ ಆಗಿ, ಬೆನ್ನಿನ ಕೆಳಗಿನ ಕಲ್ಲು ಒಂದಿಷ್ಟು ತಂಪಾಗಿ, ಕಣ್ಣು ಎಳೆಯುತ್ತಿದೆ ಎನ್ನುವ ಹೊತ್ತಿಗೆ ಓಣಿಯ ತುದಿಯಿಂದ ನಿಮ್ಮ ಕಾಳಜಿ ಕೂಗುತ್ತಾ ಬರುತ್ತದೆ.

ನನ್ನ ನಿದ್ದೆ ಹಾಳಾದರೆ ದೇಶಕ್ಕೇನೂ ನಷ್ಟವಿಲ್ಲ ಎಂದು ನೀವು ಅನ್ನಬಹುದು. ಒಪ್ಪಿದೆ. ಆದರೆ ನಷ್ಟ ನನ್ನದೊಬ್ಬನದೇ ಆಗಿರಲಿಲ್ಲ. ನಮ್ಮ ಓಣಿಯಲ್ಲಿ ನೀರು ಬಿಡುವ ಸುದ್ದಿ ಸಾರುವುದೂ ಇದೇ ಆಟೊ, ಇದೇ ಸೋಮಾ. ಯಾವ ಓಣಿಗೆ ಯಾವ ದಿನ ನೀರು ಎಂಬುದು ಬ್ರಹ್ಮನಿಗೂ ತಿಳಿಯದ ಸಂಗತಿಯಾದ್ದರಿಂದ, ಚಳಿಗಾಲ ಮುಗಿದಾಗಿನಿಂದ ಹೆಣ್ಣುಮಕ್ಕಳೆಲ್ಲ ಆ ದನಿಗೇ ಕಿವಿಯಿಟ್ಟು ಬದುಕುತ್ತಿದ್ದಾರೆ. ಸೋಮಾನ ದನಿ ಎಂದರೆ ನೀರು. ಅದು ಏನು ಹೇಳುತ್ತಿದೆ ಎಂದು ನಿಂತು ಕೇಳುವ ವ್ಯವಧಾನ ಯಾರಿಗಿದೆ? ಕೇಳುತ್ತಾ ನಿಂತವರ ಕೊಡ ಸಾಲಿನಲ್ಲಿ ಕೊನೆಗೆ ಉಳಿಯುತ್ತದೆ.

ಹೀಗಾಗಿ ನಿಮ್ಮ ಜಾಗೃತಿಯ ಮೊದಲ ದಿನ ಏನಾಯಿತೆಂದರೆ, ಭೋಂಗಾದ ಮೊದಲ ಸದ್ದಿಗೇ ಇಡೀ ಓಣಿಯ ಬಾಗಿಲುಗಳು ತೆರೆದವು. ನೀಲಕ್ಕ ಎರಡು ಕೊಡ ಹಿಡಿದು ಓಡಿದಳು, ನನ್ನ ಕಾಲು ತುಳಿದೇ ಓಡಿದಳು. ಎದುರು ಮನೆಯ ಸಲ್ಮಾ ರೊಟ್ಟಿ ಬೇಯುತ್ತಿದ್ದ ಹಂಚನ್ನು ಹಾಗೆಯೇ ಬಿಟ್ಟು ಬಕೆಟ್ ಎತ್ತಿಕೊಂಡು ಬಂದಳು. ಎಂಬತ್ತು ದಾಟಿದ ಅಡಿವೆಯ್ಯನವರು, ಮಠಕ್ಕೆ ಹೋಗಲೂ ಈಗ ಆಟೊ ಬೇಕೆನ್ನುವವರು, ಒಂದು ತಂಬಿಗೆ ಹಿಡಿದು ಬರಿಗಾಲಲ್ಲಿ ನಲ್ಲಿಯ ಮುಂದೆ ನಿಂತಿದ್ದರು. ಡಾಂಬರು ಕಾದಿತ್ತು, ಅವರು ಒಂದು ಕಾಲೆತ್ತಿ ಇನ್ನೊಂದು ಕಾಲಿಡುತ್ತಿದ್ದರು. ಅವರೆಲ್ಲರ ನಡುವೆ ನಿಮ್ಮ ಆಟೊ ನಿಂತು, ಯಾರೂ ಹೊರಗೆ ಬರಬಾರದು ಎಂದು ಬಹಳ ವಿನಯದಿಂದ ಹೇಳುತ್ತಿತ್ತು. ನಿಮ್ಮ ಆಟೊ ಬರುವುದಕ್ಕೆ ಮುಂಚೆ, ದೇವರಾಣೆ ಹೇಳುತ್ತೇನೆ, ಓಣಿಯಲ್ಲಿ ಒಂದು ನಾಯಿಯೂ ಬಿಸಿಲಲ್ಲಿ ಇರಲಿಲ್ಲ.

ಒಂದು ದಿನ ಮೋಸಹೋದ ಮೇಲೆ ಮರುದಿನ ಸುಮ್ಮನಿರಬಾರದಿತ್ತೇ ಎಂದು ಕೇಳುತ್ತೀರಾ? ಅದನ್ನೇ ನಾನು ನೀಲಕ್ಕನಿಗೆ ಕೇಳಿದೆ. ಅವಳು ಹೇಳಿದ ಮಾತಿಗೆ ನಿಮ್ಮಲ್ಲಿ ಉತ್ತರವಿದ್ದರೆ ತಿಳಿಸಿ. "ಇವತ್ತ ಖರೇನ ನೀರ ಬಿಟ್ಟಿದ್ರ? ನೀವೇನ ನಾಳೆ ನಿದ್ದಿ ಕುಡೀತೀರೇನ?" ಅಂದಳು. ಅದರಲ್ಲಿಯೂ ಒಂದು ದಿನ ನೀರು ನಿಜವಾಗಿಯೇ ಬಂತು. ಆ ದಿನ ಹೊರಗೆ ಬಾರದೆ ಮಲಗಿದ್ದವರ ಮನೆಗಳಲ್ಲಿ ಆದ ಜಗಳ ನಿಮ್ಮ ಕಚೇರಿಯವರೆಗೂ ಕೇಳಿಸಿರಬೇಕು. ಅಲ್ಲಿಗೆ ವಿಷಯ ಇತ್ಯರ್ಥವಾಯಿತು. ಸೋಮಾ ಕೂಗಿದರೆ ಹೊರಗೆ ಬರುವುದು, ಬೈದುಕೊಂಡು ಒಳಗೆ ಹೋಗುವುದು ದಿನದ ರೂಢಿಯಾಯಿತು.

ಇದನ್ನು ತಮ್ಮ ಗಮನಕ್ಕೆ ತರಬೇಕೆಂದು ನಾನೇ ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ಸಭೆಯ ವಿಷಯ ಬಿಸಿಲಿನಿಂದ ಜನರನ್ನು ರಕ್ಷಿಸುವುದು ಹೇಗೆ ಎಂಬುದಾಗಿತ್ತಂತೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಒಳಗಿನ ತಂಪು ಗಾಳಿ ನನ್ನ ಮುಖಕ್ಕೆ ಬೀಸುತ್ತಿತ್ತು, ಅದರಿಂದಲೇ ಸಭೆ ಚೆನ್ನಾಗಿ ನಡೆಯುತ್ತಿದೆ ಎಂದು ತಿಳಿಯಿತು. ಹೊರಗೆ ಕುಳಿತಿದ್ದ ನಿಮ್ಮ ಸಿಬ್ಬಂದಿಯವರಿಗೆ ನನ್ನ ಅಹವಾಲು ಹೇಳಿದೆ. ಬೆಳಿಗ್ಗೆ ಏಳಕ್ಕೆ ಸಾರಿದರೆ ಆಗದೇ ಸ್ವಾಮಿ, ಕೆಲಸಕ್ಕೆ ಹೊರಡುವವರಿಗೂ ಮುನ್ನವೇ ತಿಳಿದಂತಾಗುತ್ತದೆ ಎಂದೆ. ಅವರು ನನ್ನನ್ನು ಬಸ್ಸು ತಪ್ಪಿಸಿಕೊಂಡ ಪ್ರಯಾಣಿಕನನ್ನು ನೋಡುವಂತೆ ನೋಡಿದರು. ಅಪಾಯ ಇರುವುದು ಹನ್ನೆರಡರಿಂದ ಮೂರಕ್ಕೆ, ಅಪಾಯ ಇಲ್ಲದ ಹೊತ್ತಿನಲ್ಲಿ ಎಚ್ಚರಿಕೆ ಕೊಟ್ಟರೆ ಅದು ಎಚ್ಚರಿಕೆ ಹೇಗಾದೀತು ಎಂದು ಕೇಳಿದರು. ಆಟೊ ಓಣಿಯಲ್ಲಿ ನಿಂತ ಫೋಟೋ ತೆಗೆದು, ಅದರ ಮೇಲೆ ಜಾಗ ಮತ್ತು ವೇಳೆ ಮೂಡಿಸಿ, ಅದೇ ಹೊತ್ತಿನಲ್ಲಿ ಮೇಲಿನವರ ಫೋನಿನ ಗುಂಪಿಗೆ ಕಳಿಸಬೇಕಂತೆ. ವೇಳೆ ತಪ್ಪಿದ ಫೋಟೋ ಲೆಕ್ಕಕ್ಕಿಲ್ಲವಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ನಿಮ್ಮಲ್ಲಿ ಎತ್ತೂ ಕೋಣವೂ ಕೂಡಿ ಬಿಸಿಲಿಗೇ ಎಳೆಯುತ್ತಿವೆ. ನಾನು ಮೇಜಿನ ಮೇಲಿದ್ದ ಅವರ ಬಾಟಲಿಯಿಂದ ಒಂದು ಗುಟುಕು ನೀರು ಕೇಳಿ ಕುಡಿದು ಮನೆಗೆ ಬಂದೆ.

ಅಂದಿನವರೆಗೆ ಸೋಮಾ ನನಗೆ ಬರೀ ಒಂದು ದನಿಯಾಗಿದ್ದ. ನನ್ನ ಸಿಟ್ಟೆಲ್ಲ ಅವನ ಮೇಲೆಯೇ ಇತ್ತು. ಮರುದಿನ ಅವನನ್ನು ತಡೆದು ನಿಲ್ಲಿಸಿ ನಾಲ್ಕು ಮಾತು ಬೈಯಬೇಕೆಂದು ಬೀದಿಗಿಳಿದೆ. ಆಟೊ ನಿಂತಿತು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಮೈಕು ಹಿಡಿದು ಅವನೊಬ್ಬನೇ ಕುಳಿತಿದ್ದ. ಮೈಮೇಲಿನ ಅಂಗಿ ಹಿಂಡಿದರೆ ಒಂದು ತಂಬಿಗೆ ತುಂಬುವಷ್ಟು ಒದ್ದೆಯಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನು ಮೈಕನ್ನು ಬಂದ್ ಮಾಡಿ, "ಕಾಕಾ, ಒಳಗ ಹೋಗ್ರಿ, ಭಾಳ ಬಿಸಲ ಐತಿ" ಅಂದ. ಬೈಯಲು ಬಂದವನಿಗೆ ಹೀಗೆ ಹೇಳಿದರೆ ಏನು ಮಾಡುವುದು? ನೀನೂ ಬಾರಪ್ಪ ಎಂದೆ. ಅವನು ಬರಲಿಲ್ಲ. ಇನ್ನೂ ಎರಡು ಓಣಿ ಇವೆ, ಫೋಟೋ ಹೋಗಬೇಕು ಎಂದು ಆಟೊ ಮುಂದೆ ಬಿಟ್ಟ.

ಆಮೇಲೆ ದಿನಾ ಒಂದೆರಡು ಮಾತು ಆಗುತ್ತಿತ್ತು. ಸೋಮಾ ಸಿದ್ದಿ ಜನದವನು, ಎಷ್ಟೋ ತಲೆಮಾರಿನ ಹಿಂದೆ ಕಡಲಾಚೆಯಿಂದ ಬಂದು ನಮ್ಮ ಕಾಡಿನ ಸೀಮೆಯಲ್ಲಿ ನೆಲೆಸಿದವರ ಪೈಕಿ, ಪಾಳಾ ಕಡೆಯ ಹಳ್ಳಿಯವನು. ಅವನ ಹೆಂಡತಿ ಕರಿಷ್ಮಾ ಗದ್ದೆಯ ಕೆಲಸಕ್ಕೆ ಹೋಗುತ್ತಾಳೆ. ಇವನೂ ಹೋಗುತ್ತಿದ್ದವನೇ. ಮೈಕು ಹಿಡಿಯುವ ಈ ಕೆಲಸ ಸಿಕ್ಕಮೇಲೆ ಅವರ ಮನೆಯಲ್ಲಿ ಹಬ್ಬವಾಗಿತ್ತಂತೆ. ಮೊದಲು ಅವನು ದಾಂಡೇಲಿ ಕಡೆ ಪ್ರವಾಸಿಗರ ಸಾಮಾನು ಹೊರುತ್ತಿದ್ದಾಗ, ಬಂದವರೆಲ್ಲ ನೀನು ಯಾವ ದೇಶದವನು ಎಂದು ಕೇಳುತ್ತಿದ್ದರಂತೆ. ಇವನು ಪಾಳಾ ಕಡೆಯವ ರೀ ಎನ್ನುತ್ತಿದ್ದನಂತೆ. ಅದು ಯಾವ ಖಂಡದಲ್ಲಿದೆ ಎಂದು ಒಬ್ಬರು ಮತ್ತೆ ಕೇಳಿದ್ದನ್ನು ಹೇಳಿ ಅವನು ನಕ್ಕ. ಈ ಕೆಲಸದಲ್ಲಿ ಅವನಿಗೆ ಎಲ್ಲಕ್ಕಿಂತ ಹಿಡಿಸಿದ್ದೆಂದರೆ, ಜನ ಅವನ ದನಿಯನ್ನು ಮೊದಲು ಕೇಳಿ ಮುಖವನ್ನು ಆಮೇಲೆ ನೋಡುತ್ತಾರೆ ಎಂಬುದು. ನಾನೂ ಇಡೀ ಆಯುಷ್ಯ ಹುಬ್ಬಳ್ಳಿ ಹುಬ್ಬಳ್ಳಿ ಎಂದು ಅರಚಿ ಗಂಟಲು ಹರಿದುಕೊಂಡವನು. ದನಿಯ ಬೆಲೆ ನನಗೆ ಗೊತ್ತು. ಸೋಮಾನದು ಕಂಚಿನ ಕಂಠ. ಅರಚುವುದಿಲ್ಲ, ಮನೆಯವರೊಬ್ಬರು ಬಾಗಿಲಲ್ಲಿ ನಿಂತು ಹೇಳಿದ ಹಾಗೆ ಹೇಳುತ್ತಾನೆ.

ಬೆಳಿಗ್ಗೆ ಯಾಕೆ ಸಾರಬಾರದು ಎಂದು ಅವನನ್ನೂ ಕೇಳಿದೆ. ಅವನೂ ಕೇಳಿ ನೋಡಿದ್ದನಂತೆ. "ಮುಂಜಾನೆ ಫೋಟೋದಾಗ ಬಿಸಲ ಕಾಣೂದಿಲ್ಲಂತ್ರಿ ಕಾಕಾ" ಅಂದ. ತಮ್ಮ ಆಡಳಿತದ ಸೂಕ್ಷ್ಮವನ್ನು ಇಷ್ಟು ಚಿಕ್ಕದಾಗಿ ಹೇಳಿದವರು ಇನ್ನೊಬ್ಬರಿಲ್ಲ. ಬಿಸಿಲು ಕಾಣಬೇಕು, ಬಿಸಿಲಲ್ಲಿ ನಿಂತವನು ಕಾಣದಿದ್ದರೂ ನಡೆಯುತ್ತದೆ.

ಈಗ ಹೋದ ವಾರದ ಸಂಗತಿ. ಅಂದು ನಮ್ಮ ಓಣಿಯಲ್ಲಿ ಗಾಳಿಯೇ ಇರಲಿಲ್ಲ. ಬೇವಿನ ಎಲೆ ಸಹ ಅಲ್ಲಾಡುತ್ತಿರಲಿಲ್ಲ. ಆಟೊ ಬಂತು, ಹೆಣ್ಣುಮಕ್ಕಳು ಕೊಡ ಹಿಡಿದು ಬಂದರು, ಬೈದರು, ಮನೆಗೆ ಹೊರಳಿದರು. ಭೋಂಗಾದಿಂದ "ಸಾರ್ವಜನಿಕರಲ್ಲಿ ವಿನಂತಿ, ಬಿಸಿಲಿನ ತಾಪ" ಎಂಬಷ್ಟು ಬಂತು, ಮುಂದಿನದು ಬರಲಿಲ್ಲ. ಮೈಕು ಕೆಟ್ಟಿತೇನೋ ಎಂದುಕೊಂಡು ನಾನು ಸಂತೋಷದಿಂದ ಮಗ್ಗುಲಾದೆ. ಸಲ್ಮಾ ಚೀರಿದ್ದು ಕೇಳಿ ಎದ್ದು ಬಂದೆ. ಸೋಮಾ ಆಟೊದಿಂದ ಅರ್ಧ ಹೊರಗೆ ಜಾರಿ, ತಲೆ ನೆಲದ ಕಡೆ ವಾಲಿ ಬಿದ್ದಿದ್ದ. ಮೈ ಹಂಚಿನ ಹಾಗೆ ಕಾದಿತ್ತು. ಬೆವರು ನಿಂತುಹೋಗಿತ್ತು. ಕರೆದರೆ ಓ ಎನ್ನುತ್ತಿರಲಿಲ್ಲ. ಸಲ್ಮಾ ಮತ್ತು ನೀಲಕ್ಕ ಕೂಡಿ ಅವನನ್ನು ಎಳೆದು ತಂದು ನಮ್ಮ ಮನೆಯ ಮುಂದಿನ ಬೇವಿನ ನೆರಳಲ್ಲಿ ಹೊರಸಿನ ಮೇಲೆ ಮಲಗಿಸಿದರು. ಅಂಗಿ ಬಿಚ್ಚಿ ಒದ್ದೆ ಸೀರೆ ಹೊದಿಸಿದರು. ಹೊರಳಿ ಹೋಗಿದ್ದ ಹೆಣ್ಣುಮಕ್ಕಳೆಲ್ಲ ಮನೆಯಲ್ಲಿ ಉಳಿಸಿಕೊಂಡಿದ್ದ ಕುಡಿಯುವ ನೀರನ್ನೇ ತಂದು ಅವನ ತಲೆಗೆ, ಪಾದಕ್ಕೆ ಹಾಕಿದರು. ನೀರಿಗಾಗಿ ಒಬ್ಬರ ಜುಟ್ಟು ಒಬ್ಬರು ಹಿಡಿಯುತ್ತಿದ್ದ ಓಣಿ ಅದು. ಅಂದು ಯಾರೂ ಇದು ನನ್ನ ಕೊಡ ಎನ್ನಲಿಲ್ಲ. ದವಾಖಾನೆಗೆ ಫೋನು ಮಾಡಿದ್ದಾಯಿತು. ಗಾಡಿ ಬರುವುದರೊಳಗೆ ಸೋಮಾ ಕಣ್ಣು ಬಿಟ್ಟ.

ಕಣ್ಣು ಬಿಟ್ಟವನು ಮೊದಲು ಕೇಳಿದ್ದು ಏನು ಗೊತ್ತೇ? ನಾನೆಲ್ಲಿದ್ದೇನೆ ಎಂದಲ್ಲ. ಕರಿಷ್ಮಾ ಎಲ್ಲಿ ಎಂದೂ ಅಲ್ಲ. ಫೋಟೋ ಹೋಗಿಲ್ಲ ಎಂದ. ಏಳಲು ಹವಣಿಸಿದ. ನೀಲಕ್ಕ ಅವನ ಎದೆಯ ಮೇಲೆ ಕೈಯಿಟ್ಟು ಮಲಗಿಸಿ, "ಮೊದಲ ಮಜ್ಜಿಗಿ ಕುಡಿ. ಆಮ್ಯಾಲೆ ಊರ ಮಂದೀ ಜೀವಾ ಉಳಸವಂತಿ" ಅಂದಳು. ಅವನು ಎರಡು ಗುಟುಕು ಕುಡಿದು, ತನ್ನ ಫೋನನ್ನು ನನ್ನ ಕೈಗಿಟ್ಟು, ವೇಳೆ ಮೀರುತ್ತದೆ ಕಾಕಾ, ನೀವೇ ಒಂದು ಹೊಡೆದು ಕಳಿಸಿಬಿಡಿ ಎಂದು ಕಾಲು ಹಿಡಿಯುವವನಂತೆ ಬೇಡಿಕೊಂಡ. ನಾನು ಎದ್ದು ನಿಂತು ಓಣಿ ಕಾಣುವಂತೆ, ಆಟೊ ಕಾಣುವಂತೆ, ಬೇಕಾದಷ್ಟು ಬಿಸಿಲು ಕಾಣುವಂತೆ ಒಂದು ಫೋಟೋ ತೆಗೆದು ಕಳಿಸಿದೆ. ಹೊರಸು, ಅದರ ಮೇಲೆ ಮಲಗಿದ ಸೋಮಾ, ಅವನ ಪಕ್ಕದ ಮಜ್ಜಿಗೆಯ ತಂಬಿಗೆ ಇವೆಲ್ಲವೂ ಅದರಲ್ಲಿ ಬಂದಿದ್ದವು. ಬರಲಿ ಎಂದೇ ತೆಗೆದದ್ದು. ಇದನ್ನು ನೋಡಿ ಯಾರಾದರೂ ಅವನ ಯೋಗಕ್ಷೇಮ ಕೇಳುತ್ತಾರೆ ಎಂದು ನಂಬಿದ್ದೆ. ಇಷ್ಟು ವರ್ಷ ಜನರನ್ನು ನೋಡಿದವನಿಗೆ ಇಷ್ಟು ಭೋಳೆತನ ಇರಬಾರದಿತ್ತು ಎಂದು ನೀಲಕ್ಕ ಈಗಲೂ ಹಂಗಿಸುತ್ತಾಳೆ.

ಯೋಗಕ್ಷೇಮ ಕೇಳಲು ಯಾರೂ ಬರಲಿಲ್ಲ. ದವಾಖಾನೆಯಲ್ಲಿ ಸಲೈನ್ ಹಚ್ಚಿ, ಬಿಸಿಲಿನಿಂದ ಆದದ್ದು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಹೇಳಿ, ನಾಲ್ಕು ದಿನ ಮನೆಯಲ್ಲಿರು ಎಂದು ಕಳಿಸಿದರು. ಅವನು ಮನೆ ಸೇರುವ ಮೊದಲೇ ನಿಮ್ಮ ಗುತ್ತಿಗೆದಾರರ ಫೋನು ಬಂತು. ಕರ್ತವ್ಯದ ವೇಳೆಯಲ್ಲಿ ಮರದ ಕೆಳಗೆ ಆಟೊ ನಿಲ್ಲಿಸಿ, ಹೊರಸಿನ ಮೇಲೆ ಮಲಗಿ, ಮಜ್ಜಿಗೆ ಕುಡಿದದ್ದಕ್ಕೆ ಫೋಟೋ ಸಮೇತ ಸಾಕ್ಷಿ ಇದೆಯಂತೆ. ಕಚೇರಿಯವರು ಸಿಟ್ಟಾಗಿದ್ದಾರಂತೆ. ಇನ್ನು ಬರಬೇಡ ಎಂದರು.

ಮಾನ್ಯರೇ, ಆ ಫೋಟೋವನ್ನು ನೀವು ಇನ್ನೊಮ್ಮೆ ನೋಡಬೇಕು. ವೇಳೆ ಒಂದೂವರೆ. ಒಬ್ಬ ಮನುಷ್ಯ ನೆರಳಲ್ಲಿದ್ದಾನೆ. ತೆಳುವಾದ ಬಟ್ಟೆ ಹೊದ್ದಿದ್ದಾನೆ. ಪಕ್ಕದಲ್ಲಿ ಮಜ್ಜಿಗೆಯಿದೆ. ವಿಶ್ರಾಂತಿ ಪಡೆಯುತ್ತಿದ್ದಾನೆ. ನೀವು ಇಡೀ ಬೇಸಿಗೆ ಏನು ಮಾಡಿರಿ ಎಂದು ಭೋಂಗಾ ಕಟ್ಟಿ ಕೂಗಿಸಿದಿರೋ ಅದನ್ನು ಚಾಚೂ ತಪ್ಪದೆ ಮಾಡಿದ ಒಬ್ಬನೇ ಒಬ್ಬ ನಾಗರಿಕನ ಚಿತ್ರ ಅದು. ಅದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಜಾಗೃತಿ ಯಶಸ್ವಿಯಾಯಿತು ಎಂದು ನಿಮ್ಮ ಸಭೆಯ ಕೋಣೆಯಲ್ಲಿ ತೂಗುಹಾಕಬೇಕಿತ್ತು. ನೀವು ಅದನ್ನೇ ಹಿಡಿದು ಅವನ ಅನ್ನ ಕಸಿದಿರಿ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿತ್ತು ಎಂದು ನಮ್ಮ ಓಣಿಯಲ್ಲೂ ಒಬ್ಬಿಬ್ಬರು ನಕ್ಕರು. ನನಗೆ ನಗು ಬರಲಿಲ್ಲ. ಈ ಹಲ್ಲಿ ತಾನಾಗಿ ಬೀಳಲಿಲ್ಲ, ಬಾನಿಯ ಅಂಚಿನ ಮೇಲೆಯೇ ನಿಂತು ಶಕುನ ಹೇಳಬೇಕೆಂದು ಅದಕ್ಕೆ ಆದೇಶವಾಗಿತ್ತು.

ನಾನು ಮತ್ತೆ ನಿಮ್ಮ ಕಚೇರಿಗೆ ಬಂದೆ. ದವಾಖಾನೆಯ ಚೀಟಿ ತೋರಿಸಿದೆ. ಅವನು ನಮ್ಮ ನೌಕರನಲ್ಲ, ಗುತ್ತಿಗೆದಾರರ ಆಳು, ಅವರನ್ನು ಕೇಳಿ ಎಂದರು. ಗುತ್ತಿಗೆದಾರರನ್ನು ಕೇಳಿದೆ. ನಾವೇನು ಮಾಡೋಣ, ಕಚೇರಿಯವರ ಮಾತು ಎಂದರು. ಟಿಕೆಟು ಇಲ್ಲದವನನ್ನು ಎರಡು ಊರಿನ ನಡುವೆ ಇಳಿಸಿದರೆ ಅವನು ಯಾವ ಊರಿಗೂ ಸೇರುವುದಿಲ್ಲ, ಅದು ನನಗೆ ಗೊತ್ತು. ಸೋಮಾನ ಬಳಿ ಟಿಕೆಟು ಇತ್ತು, ಆದರೂ ಇಳಿಸಿದಿರಿ.

ಕೆಲಸ ಹೋದಮೇಲೆ ಓಣಿಯಲ್ಲಿ ನಾಲ್ಕೈದು ದಿನ ಸದ್ದಿರಲಿಲ್ಲ. ನಾನು ಬಯಸಿದ ಶಾಂತಿ ಸಿಕ್ಕಿತ್ತು. ಗೋಣಿಚೀಲ ಕಟ್ಟಿದೆ, ನೆಲ ಒರೆಸಿದೆ, ಮಲಗಿದೆ, ನಿದ್ದೆ ಬರಲಿಲ್ಲ. ನೀಲಕ್ಕ ಎರಡು ಸಲ ಬಾಗಿಲಿಗೆ ಹೋಗಿ ನೋಡಿ ಬಂದಳು. ನೀರಿಗಲ್ಲ ಎಂಬುದು ನನಗೆ ತಿಳಿಯಿತು, ಕೈಯಲ್ಲಿ ಕೊಡವಿರಲಿಲ್ಲ.

ನಿನ್ನೆ ಸೋಮಾ ಬಂದಿದ್ದ. ದವಾಖಾನೆಗೆ ಒಯ್ಯುವಾಗ ನೀಲಕ್ಕ ಹೊದಿಸಿ ಕಳಿಸಿದ್ದ ಸೀರೆಯನ್ನು ಕರಿಷ್ಮಾ ಒಗೆದು ಮಡಿಚಿ ಕೊಟ್ಟಿದ್ದಳು, ಅದನ್ನು ಕೊಡಲು ಬಂದಿದ್ದ. ಮುಖ ಇಳಿದಿತ್ತು. ಊರ ಕಡೆ ಗದ್ದೆಯ ಕೆಲಸ ಮಳೆ ಬೀಳುವವರೆಗೆ ಇಲ್ಲ, ಮೊದಲಿನ ಹಾಗೆ ದಾಂಡೇಲಿಗೆ ಸಾಮಾನು ಹೊರಲು ಹೋಗಬೇಕು, ಆದರೆ ಬಿಸಿಲಿಗೆ ನಿಂತರೆ ಈಗ ಕಣ್ಣು ಮಂಜಾಗುತ್ತದೆ ಎಂದ. ಊಟಕ್ಕೆ ಕೂರಿಸಿದೆವು. ಅವನು ಎರಡನೆಯ ರೊಟ್ಟಿ ಮುರಿಯುತ್ತಿದ್ದ. ಆಗ ಓಣಿಯ ತುದಿಯಿಂದ, "ಸಾರ್ವಜನಿಕರಲ್ಲಿ ವಿನಂತಿ" ಎಂದು ಸೋಮಾನ ದನಿಯೇ ಕೇಳಿಸಿತು.

ನಾನು ಅವನ ಬಾಯಿ ನೋಡಿದೆ. ಬಾಯಲ್ಲಿ ತುತ್ತಿತ್ತು. ಹೊರಗೆ ಹೋಗಿ ನೋಡಿದರೆ ಅದೇ ಆಟೊ, ಬೇರೆ ಚಾಲಕ. ಮೈಕು ಹಿಡಿದವರು ಯಾರೂ ಇಲ್ಲ. ಮೊದಲ ದಿನಗಳಲ್ಲಿ ನಿಮ್ಮ ಕಚೇರಿಯವರು ಸೋಮಾನ ಸಾರುವಿಕೆಯನ್ನು ಮೇಲಿನವರಿಗೆ ಕೇಳಿಸಲೆಂದು ಫೋನಿನಲ್ಲಿ ಹಿಡಿದುಕೊಂಡಿದ್ದರಂತೆ. ಅದನ್ನೇ ಮೆಮೊರಿ ಕಾರ್ಡಿಗೆ ಹಾಕಿ ಭೋಂಗಾಕ್ಕೆ ಜೋಡಿಸಿದ್ದೀರಿ. ಒಳ್ಳೆಯ ವ್ಯವಸ್ಥೆ. ದನಿಗೆ ತಲೆ ಸುತ್ತುವುದಿಲ್ಲ, ದನಿ ಮಜ್ಜಿಗೆ ಕೇಳುವುದಿಲ್ಲ, ನೆರಳು ಹುಡುಕುವುದಿಲ್ಲ. ಎಂದಿನಂತೆ ಹೆಣ್ಣುಮಕ್ಕಳು ಕೊಡ ಹಿಡಿದು ಓಡಿ ಬಂದರು. ಹಿಂದೆಲ್ಲ ಅವರು ಬೈದರೆ ಸೋಮಾ ಮೈಕು ಬಂದ್ ಮಾಡಿ, ಇವತ್ತು ನೀರಿಲ್ಲ ಅಕ್ಕಾ, ಒಳಗೆ ಹೋಗಿರಿ ಎಂದು ಕೈಮುಗಿಯುತ್ತಿದ್ದ. ಈ ದನಿ ಯಾರಿಗೂ ಕೈಮುಗಿಯದೆ ಮುಂದೆ ಹೋಯಿತು. ಸಲ್ಮಾ ಖಾಲಿ ಬಕೆಟ್ ಹಿಡಿದು ಒಳಗೆ ಹೋದಳು.

ಒಳಗೆ ಬಂದಾಗ ಸೋಮಾ ಊಟ ನಿಲ್ಲಿಸಿ ಕುಳಿತಿದ್ದ. ಮನೆಯಲ್ಲೇ ವಿಶ್ರಾಂತಿ ಪಡೆಯಬೇಕು ಎಂದು ಅವನ ದನಿ ಅವನಿಗೇ ದೂರದಿಂದ ಹೇಳುತ್ತಿತ್ತು. ಅವನು ಅದನ್ನು ಕೊನೆಯವರೆಗೆ ಕೇಳಿದ. ಆಮೇಲೆ ನನ್ನ ಕಡೆ ನೋಡಿ ಸ್ವಲ್ಪ ನಕ್ಕ.

"ನೋಡ್ರಿ ಕಾಕಾ, ನಾ ಹೇಳಿದ ಮಾತ ಕೇಳಿ ಮನ್ಯಾಗ ಕುಂತಾಂವ ಇಡೀ ಊರಾಗ ನಾ ಒಬ್ಬನ."

ನೀಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ಪೆನ್ನು ಹುಡುಕಿದೆ.

ಮಾನ್ಯರೇ, ನನ್ನ ಬೇಡಿಕೆ ದೊಡ್ಡದಲ್ಲ. ಆಟೊ ಬೆಳಿಗ್ಗೆ ಬರಲಿ, ಜನ ಕೆಲಸಕ್ಕೆ ಹೊರಡುವ ಮುಂಚೆ ಬರಲಿ, ನೀರಿನ ಸುದ್ದಿ ಯಾವುದು ಬಿಸಿಲಿನ ಸುದ್ದಿ ಯಾವುದು ಎಂದು ನಿಂತು ತಿಳಿಸಿ ಹೋಗಲಿ. ಅದರಲ್ಲಿ ಸೋಮಾ ಕುಳಿತಿರಲಿ. ಫೋಟೋದಲ್ಲಿ ಬಿಸಿಲು ಬೇಕೇಬೇಕೆಂದರೆ ನನಗೆ ಹೇಳಿ, ಒಂದು ಗಂಟೆಗೆ ನಮ್ಮ ಮಾಳಿಗೆಯಿಂದ ಖಾಲಿ ಓಣಿಯ ಫೋಟೋ ತೆಗೆದು ದಿನಾ ಕಳಿಸುತ್ತೇನೆ. ಯಾರೂ ಹೊರಗೆ ಇಲ್ಲದ ಓಣಿಗಿಂತ ಹೆಚ್ಚಿನ ಸಾಕ್ಷಿ ನಿಮ್ಮ ಜಾಗೃತಿಗೆ ಇನ್ನೇನು ಬೇಕು? ಮಳೆಗಾಲ ಬಂದರೆ ಹಳ್ಳಕ್ಕೆ ಇಳಿಯಬೇಡಿ ಎಂದು ಹೇಳಿಸಲು ಅವನನ್ನು ಹಳ್ಳದ ನಡುವೆ ಮಾತ್ರ ನಿಲ್ಲಿಸಬೇಡಿ.

ಇದಾವುದೂ ನಿಮ್ಮ ಕೈಯಲ್ಲಿಲ್ಲ, ಎಲ್ಲವೂ ಮೇಲಿನವರದು, ಕೆಳಗಿನವರದು, ಗುತ್ತಿಗೆದಾರರದು ಎನ್ನುವುದಾದರೆ ಒಂದೇ ಒಂದು ಕೆಲಸ ಮಾಡಿ. ನಾಳೆ ಆಟೊ ಹೊರಡುವ ಮೊದಲು ಆ ಭೋಂಗಾದ ಕಾರ್ಡನ್ನು ತೆಗೆಸಿ ಸೋಮಾನ ಕೈಗೆ ಕೊಡಿ. ಅವನು ನಿಮಗೆ ಬೇಡವಾದ ಮೇಲೆ ಅವನ ದನಿಯೂ ಬೇಡವಾಗಬೇಕು. ಅದಾದರೂ ಅವನ ಜೊತೆ ಮನೆಗೆ ಹೋಗಲಿ.

ಇಂತಿ,
ತಮ್ಮ ಎಚ್ಚರಿಕೆಯಿಂದ ಎಚ್ಚರವಾಗಿ, ಇನ್ನು ಮಲಗಲಾರದ
ಚನಬಸಪ್ಪ, ನಿವೃತ್ತ ಕಂಡಕ್ಟರ್